ಡ್ರೈವರ್ ಹಾಕುವಾಗ ಮೌಸ್ ಜೋಪಾನ

ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ (ಕೋಡ್ ತುಂಬಿಸಿ ಓಡಿಸುವ ಚಿಪ್ ಇರುವ ಬೋರ್ಡ್) ಇಟ್ಟುಕೊಂಡು ಸ್ವಂತ ಯುಎಸ್‌ಬಿ ಡಿವೈಸ್ ಮಾಡಲು ಹೊರಟಿದ್ದೀರಾ? ಮೊದಲು ಕೇಬಲ್ ಬದಲಿಸಿ. ‘ಬೋರ್ಡ್ ಕಂಪ್ಯೂಟರಿಗೆ ಕಾಣಿಸ್ತಿಲ್ಲ’ ಎಂದು ಬರುವವರಿಗೆಲ್ಲ ನಾನು ಹೇಳುವುದು ಇದನ್ನೇ. ಬರೀ ಚಾರ್ಜಿಂಗಿಗೆ ಬರುವ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡಿನ ಲೈಟ್ ಹತ್ತುತ್ತದೆ, ನಾವು ಮೋಸ ಹೋಗುತ್ತೇವೆ.

ಬೋರ್ಡಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ರಾಸ್ಪ್‌ಬೆರಿ ಪೈ ಪಿಕೊ ತೆಗೆದುಕೊಳ್ಳಿ. 2021ರಲ್ಲಿ ಬಂದದ್ದು. ಯುಎಸ್‌ಬಿ ಅದರ ಚಿಪ್ಪಿನೊಳಗೇ ಇದೆ, ಕೋಡ್ ತುಂಬಿಸಲು ಪ್ರೋಗ್ರಾಮರ್ ಎಂಬ ಉಪಕರಣ ಬೇರೆ ಬೇಕಿಲ್ಲ. ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಕೇಬಲ್ ಹಾಕಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ನಿಮ್ಮ ಪ್ರೋಗ್ರಾಂ ಇರುವ ಯುಎಫ್2 ಫೈಲನ್ನು ಅದರೊಳಗೆ ಕಾಪಿ ಮಾಡಿ, ಮುಗಿಯಿತು.

ಕೋಡಿಗೆ ಟೈನಿಯುಎಸ್‌ಬಿ ಎಂಬ ಉಚಿತ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಇದೆ. ಮೊದಲ ಪ್ರಾಜೆಕ್ಟ್ ಕೀಬೋರ್ಡೋ, ಕಂಪ್ಯೂಟರ್ ಜೊತೆ ಸರಳವಾಗಿ ಡೇಟಾ ಹಂಚಿಕೊಳ್ಳುವ ಸೀರಿಯಲ್ ಪೋರ್ಟೋ ಆಗಿರಲಿ. ಎರಡಕ್ಕೂ ಡ್ರೈವರ್, ಅಂದರೆ ಡಿವೈಸ್ ಜೊತೆ ಮಾತಾಡುವ ಸಾಫ್ಟ್‌ವೇರ್, ವಿಂಡೋಸ್ 10ರಲ್ಲೇ ಇದೆ.

ನಿಮ್ಮದೇ ಬಗೆಯ ಡಿವೈಸ್ ಮಾಡಲು ಹೊರಟಾಗ ಮಾತ್ರ ವಿನ್‌ಯುಎಸ್‌ಬಿ ಎಂಬ ವಿಂಡೋಸಿನ ಸಾಮಾನ್ಯ ಡ್ರೈವರ್ ಬೇಕು. ಅದನ್ನು ಹಾಕಲು ಜಾಡಿಗ್ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ಸಾಕು. ಎಡವಟ್ಟು ಆಗುವುದು ಇಲ್ಲೇ. ತೆರೆದ ಕೂಡಲೇ ಜಾಡಿಗ್ ತೋರಿಸುವುದು ಡ್ರೈವರ್ ಇಲ್ಲದ ಡಿವೈಸ್‌ಗಳನ್ನು ಮಾತ್ರ. ಪಟ್ಟಿಯಲ್ಲಿ ನಿಮ್ಮದಿದ್ದರೆ ಆರಿಸಿ, ‘ಇನ್‌ಸ್ಟಾಲ್ ಡ್ರೈವರ್’ ಒತ್ತಿ. ಕಾಣದಿದ್ದರೆ ಜನ ಅವಸರದಲ್ಲಿ ‘ಲಿಸ್ಟ್ ಆಲ್ ಡಿವೈಸಸ್’ ಆನ್ ಮಾಡುತ್ತಾರೆ. ಆಗ ಮೌಸ್, ಕೀಬೋರ್ಡ್, ವೆಬ್‌ಕ್ಯಾಮ್ ಎಲ್ಲ ಸಾಲಾಗಿ ಬರುತ್ತವೆ. ನಾನೂ ಒಮ್ಮೆ ಹೀಗೇ ಮೌಸಿನ ಡ್ರೈವರ್ ಬದಲಿಸಿ, ಬಾಣದ ಗುರುತು ಅಲುಗಾಡದೆ ಕೂತಿದ್ದೆ.

ಅದಕ್ಕೇ ಎರಡು ಸಲ ನೋಡಿ. ಯುಎಸ್‌ಬಿ ಐಡಿ ಜಾಗದಲ್ಲಿರುವ ಎರಡು ಸಂಖ್ಯೆಗಳು ನಿಮ್ಮ ಕೋಡಿನಲ್ಲಿರುವ ವೆಂಡರ್ (ತಯಾರಕ), ಪ್ರಾಡಕ್ಟ್ (ಡಿವೈಸ್) ಐಡಿಗಳೇ ಆಗಿರಬೇಕು. ಅನುಮಾನ ಬಂದರೆ ಬೋರ್ಡನ್ನು ಕಿತ್ತು ನೋಡಿ, ಪಟ್ಟಿಯಿಂದ ಮಾಯವಾದದ್ದೇ ನಿಮ್ಮದು. ಬಟನ್ ಮೇಲೆ ‘ರಿಪ್ಲೇಸ್ ಡ್ರೈವರ್’ ಎಂದಿದ್ದರೆ ಕೈ ತಡೆಯಿರಿ. ಅಂದರೆ ಅದಕ್ಕೆ ಆಗಲೇ ಡ್ರೈವರ್ ಇದೆ. ಒಂದೇ ಬೋರ್ಡಿನಲ್ಲಿ ಸೀರಿಯಲ್ಲೂ ಇದ್ದರೆ ‘ಇಂಟರ್‌ಫೇಸ್ 0’, ‘ಇಂಟರ್‌ಫೇಸ್ 2’ ಎಂದು ಬೇರೆ ಬೇರೆ ಕಾಣಬಹುದು. ಸೀರಿಯಲ್‌ನದನ್ನು ಮುಟ್ಟಬೇಡಿ.

ತಪ್ಪಾಗಿಯೇ ಹೋಯಿತಾ? ಗಾಬರಿ ಬೇಡ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ, ಡ್ರೈವರ್ ತಪ್ಪಿ ಬದಲಾದ ಡಿವೈಸನ್ನು ಅನ್‌ಇನ್‌ಸ್ಟಾಲ್ ಮಾಡಿ. ಡ್ರೈವರನ್ನೂ ಅಳಿಸುವ ಚೌಕಕ್ಕೆ ಟಿಕ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಮತ್ತೆ ಅದೇ ಬಂದು ಕೂರುತ್ತದೆ. ಆಮೇಲೆ ಕಿತ್ತು ಚುಚ್ಚಿ.

ಲಿನಕ್ಸ್‌ನಲ್ಲಿ ಈ ರಗಳೆ ಇಲ್ಲ, ಅನುಮತಿಯದ್ದಷ್ಟೇ ತಕರಾರು. ಡಿವೈಸನ್ನು ಯಾರು ಬಳಸಬಹುದು ಎಂದು ಹೇಳುವ ಯುಡೆವ್ ರೂಲ್ ಒಂದು ಬರೆದಿಡಿ. ಪ್ರತಿ ಸಲ ಸುಡೊ ಹಾಕಿ ಅಡ್ಮಿನ್ ಆಗಿ ಓಡಿಸುವುದು ಸೋಮಾರಿತನ.

ಅಂದ ಹಾಗೆ, ತಂತಿಯಲ್ಲಿ ಓಡುವ ಸಿಗ್ನಲ್ ತೋರಿಸುವ 24 ಮೆಗಾಹರ್ಟ್ಸ್‌ನ (ಸೆಕೆಂಡಿಗೆ 2.4 ಕೋಟಿ ಸ್ಯಾಂಪಲ್) ಅಗ್ಗದ ಲಾಜಿಕ್ ಅನಲೈಸರ್ ಐ2ಸಿ, ಸೀರಿಯಲ್‌ನಂಥ ನಿಧಾನದ ಸಂಪರ್ಕಗಳಿಗೆ ಚೆನ್ನ. ಪಿಕೊದ ಯುಎಸ್‌ಬಿ ನೋಡಲು ಸುಮ್ನೆ ಕೊಳ್ಳಬೇಡಿ. ಸೆಕೆಂಡಿಗೆ 1.2 ಕೋಟಿ ಬಿಟ್ ಓಡುವಾಗ ಒಂದು ಬಿಟ್ಟಿಗೆ ಎರಡೇ ಸ್ಯಾಂಪಲ್ ಸಿಗುತ್ತದೆ, ಸಾಲದು. ವಿಂಡೋಸಿನಲ್ಲಿ ಯುಎಸ್‌ಬಿಪಿಕ್ಯಾಪ್ ಜೊತೆ ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ, ಬೋರ್ಡ್ ಕಳಿಸುವ ಡೇಟಾ ಕಾಸು ಖರ್ಚಿಲ್ಲದೆ ಕಾಣುತ್ತದೆ.