ಆಫೀಸ್ ಸ್ಟಾಫ್ ರಿಟೈರ್ಮೆಂಟ್ ಪ್ರೋಗ್ರಾಂ ಪ್ಲಾನ್ ಮಾಡ್ತಿರೋರಿಗೆ

ಯೂನಿವರ್ಸಿಟಿ ಆಫೀಸಲ್ಲಿ 25–30 ವರ್ಷ ದುಡಿದೋರು ರಿಟೈರ್ ಆಗ್ತಿದಾರೆ ಅಂದ್ರೆ ಕೊನೇ ವಾರದಲ್ಲಿ ಓಡಾಡ್ಬೇಡಿ, ಒಂದೆರಡು ತಿಂಗಳು ಮುಂಚೆನೇ ಶುರು ಮಾಡಿ. ಮೊದ್ಲು ಅವರನ್ನೇ ಕೇಳಿ, ಸ್ಟೇಜ್ ಮೇಲೆ ಕೂರೋದು ಇಷ್ಟಾನಾ ಅಂತ, ಕೆಲವರಿಗೆ ಅದೇ ದೊಡ್ಡ ಹಿಂಸೆ ಕಣ್ರೀ.

ಗಿಫ್ಟ್‌ಗಿಂತ ಹಳೇ ಸ್ಟೂಡೆಂಟ್ಸ್ ಬರೆದ ನಾಲ್ಕು ಸಾಲಿಗೆ ಬೆಲೆ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಆದ್ರೆ 'ಒಂದು ಮೆಸೇಜ್ ಕಳ್ಸಿ' ಅಂತ ಸುಮ್ನೆ ಗ್ರೂಪಲ್ಲಿ ಹಾಕಿದ್ರೆ ಎಲ್ರೂ 'ನಿವೃತ್ತಿ ಜೀವನ ಸುಖಮಯವಾಗಿರಲಿ' ಅಂತ ಒಂದೇ ಥರ ಕಳಿಸ್ತಾರೆ, ಅದರ ಬದ್ಲು 'ಅವರು ನಿಮಗೆ ಮಾಡ್ಕೊಟ್ಟ ಒಂದು ಕೆಲಸ ಹೇಳಿ' ಅಂತ ಕೇಳಿ ನೋಡಿ, ಆಗ ಬರುತ್ತೆ ಅಸಲಿ ವಿಷಯ, ಮಾರ್ಕ್ಸ್ ಕಾರ್ಡಲ್ಲಿ ತಪ್ಪಾಗಿದ್ದ ಹೆಸರನ್ನ ವೀಸಾ ಇಂಟರ್ವ್ಯೂ ಒಳಗೆ ಸರಿ ಮಾಡಿಸಿಕೊಟ್ಟಿದ್ದು, ಫೀಸ್ ಕಟ್ಟೋಕೆ ಇವತ್ತೇ ಕೊನೇ ದಿನ ಅಂತ ಅವರೇ ಫೋನ್ ಮಾಡಿ ನೆನಪಿಸಿದ್ದು, ಇಂಥವು. ಎಲ್ಲಾ ಸೇರಿಸಿ ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿ, ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿರ್ಲಿ.

ದೊಡ್ಡೋರ ಭಾಷಣ ಒಂದು ಸಾಕು. ಪಕ್ಕದ ಟೇಬಲ್‌ನೋರು, ಅಟೆಂಡರ್, ಇವರ ಕೈಗೆ ಮೈಕ್ ಕೊಡಿ, ಮನೆಯೋರನ್ನೂ ಕರೀರಿ, ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಆಫೀಸಲ್ಲಿ ಏನ್ ಮಾಡ್ತಿದ್ರು ಅಂತಾನೇ ಗೊತ್ತಿರಲ್ಲ.

ಪೆನ್ಷನ್ ಪೇಪರ್ಸ್ ಎಲ್ಲಿಗೆ ಬಂತು ಅಂತ ಯಾರಾದ್ರೂ ಒಬ್ರು ಜವಾಬ್ದಾರಿ ತಗೊಂಡು ವಿಚಾರಿಸಿ, ಸನ್ಮಾನ ಮಾಡಿ ಕಳ್ಸಿ ಆಮೇಲೆ ಅದೇ ಆಫೀಸಿಗೆ ಅಲೆದಾಡಿಸೋದು ಚೆನ್ನಾಗಿರಲ್ಲ. ಹಾಂ, ಆಫೀಸ್ ಇಮೇಲ್ ಬಂದ್ ಆಗೋ ಮುಂಚೆ ಅದರಲ್ಲಿರೋ ಸ್ವಂತ ಫೋಟೋ, ಫೋನ್ ನಂಬರ್ ಎಲ್ಲಾ ತೆಗೆದಿಟ್ಕೊಳ್ಳೋಕೂ ಹೇಳಿ.