ನೂರು ಅಂಕಿಯ ಸಂಖ್ಯೆಯನ್ನು ಗಾಸ್ ವಿಧಾನದಲ್ಲೇ ಒಡೆದೆ

ಆರ್‌ಎಸ್‌ಎ-100 ಎಂಬ, ಅಪವರ್ತನ ಹುಡುಕುವ ಸವಾಲಿಗೆಂದೇ ಕೊಟ್ಟ ನೂರು ಅಂಕಿಯ ಸಂಖ್ಯೆಯನ್ನು ನಾನೇ ಬರೆದ ಕ್ವಾಡ್ರಾಟಿಕ್ ಸೀವ್ (ಜರಡಿ ಹಿಡಿದು ಅಪವರ್ತನ ಹುಡುಕುವ ವಿಧಾನ) ಪ್ರೋಗ್ರಾಂನಲ್ಲಿ ಒಡೆದಿದ್ದೇನೆ. ಜರಡಿಯಲ್ಲಿ ಸಿಕ್ಕದ್ದನ್ನು ಜೋಡಿಸುವ ಮ್ಯಾಟ್ರಿಕ್ಸ್ ಹಂತಕ್ಕೆ, ಮೆಮೊರಿ ಉಳಿಸುವ ಬ್ಲಾಕ್ ಲಾಂಜೋಸ್ ವಿಧಾನ ಬಳಸಲಿಲ್ಲ, ಸಾಲಿಗೆ ಸಾಲು ಕೂಡಿಸುತ್ತಾ ಹೋಗುವ ಬರಿಯ ಗಾಸ್ ವಿಲೋಪನ. ಇಷ್ಟು ದೊಡ್ಡ ಮ್ಯಾಟ್ರಿಕ್ಸ್‌ಗೆ ಅದು ಆಗದ ಮಾತು ಎಂದು ತಲೆಯಾಡಿಸಿದ ಗೆಳೆಯರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

1991ರಲ್ಲೇ ಗಣಿತಜ್ಞ ಆರ್ಯೆನ್ ಲೆನ್‌ಸ್ಟ್ರಾ ಬಿಡಿಸಿದ ಲೆಕ್ಕ ಮತ್ತೇಕೆ ಎಂದೂ ಕೇಳಿದರು. ಅವರ ಬಳಿ ಮಾಸ್‌ಪಾರ್ ಎಂಬ ಸಮಾಂತರ ಕಂಪ್ಯೂಟರ್ ಇತ್ತು, ಹಿಡಿದದ್ದು ಕೆಲವು ದಿನ. ನನ್ನದು ಏಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಉತ್ತರ ಮೊದಲೇ ಗೊತ್ತಿದ್ದರೆ ಪ್ರೋಗ್ರಾಂ ನನಗೆ ಸುಳ್ಳು ಹೇಳಲಾರದು.

ಎರಡೂ ಅಪವರ್ತನಗಳು 50 ಅಂಕಿಯವು. ಒಂದು 3797ರಿಂದ, ಇನ್ನೊಂದು 4009ರಿಂದ ಶುರುವಾಗುತ್ತದೆ. ಇಷ್ಟು ಹತ್ತಿರವಿದ್ದರೆ, ವರ್ಗಮೂಲದ ಬಳಿಯಿಂದ ಒಂದೊಂದೇ ಹೆಜ್ಜೆ ಹುಡುಕುವ ಫರ್ಮಾ ವಿಧಾನವೇ ಸಾಕಲ್ಲ ಎಂದರು ಒಬ್ಬರು. ಅವುಗಳ ವ್ಯತ್ಯಾಸವೇ 49 ಅಂಕಿ! ಹೆಜ್ಜೆಗಳ ಲೆಕ್ಕ 10ರ 46ನೇ ಘಾತ ದಾಟುತ್ತದೆ. ಚಿಕ್ಕ ಅಪವರ್ತನ ಹುಡುಕಲು ಒಗ್ಗುವ ಎಲಿಪ್ಟಿಕ್ ಕರ್ವ್ ವಿಧಾನವನ್ನು ರಾತ್ರಿಯಿಡೀ ಓಡಿಸಿದ್ದೂ ಉಂಟು. ಲಾಭವಾದದ್ದು ವಿದ್ಯುತ್ ಕಂಪನಿಗೆ ಮಾತ್ರ. ಬೇಸರ ಕಳೆಯಲು ನಡುವೆ 2ರ 67ನೇ ಘಾತದಿಂದ 1 ಕಳೆದ ಸಂಖ್ಯೆಯನ್ನು ನನ್ನ ಪ್ರೋಗ್ರಾಂಗೆ ಕೊಟ್ಟೆ. 1903ರಲ್ಲಿ ಗಣಿತಜ್ಞ ಕೋಲ್ ತೋರಿಸಿದ ಅದರ ಅಪವರ್ತನಗಳಾದ 193707721 ಮತ್ತು 761838257287 ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು.

ಜರಡಿ ಹಿಡಿಯುವಾಗ ಕಾಡಿದ್ದು ಕರೆಂಟು. ಹೋದಾಗಲೆಲ್ಲ ಸಂಗ್ರಹಿಸಿದ ಸಂಬಂಧಗಳು (ಪಟ್ಟಿಯ ಚಿಕ್ಕ ಅವಿಭಾಜ್ಯಗಳಾಗಿಯೇ ಪೂರ್ತಿ ಒಡೆಯುವ ಸಂಖ್ಯೆಗಳು) ಮಣ್ಣುಪಾಲು. ಯುಪಿಎಸ್ ಬ್ಯಾಟರಿಗೆ ಎರಡೂವರೆ ಸಾವಿರ ತೆತ್ತೆ. ಅದೂ ಬೇಸಿಗೆಗೆ ಕೈಕೊಟ್ಟಿತು. ಕೊನೆಗೆ ಹತ್ತು ನಿಮಿಷಕ್ಕೊಮ್ಮೆ ಎಲ್ಲವನ್ನೂ ಡಿಸ್ಕಿಗೆ ಬರೆಸಿದ ಮೇಲೆ ನಿದ್ದೆ ಬಂತು. ಇನ್ನೊಂದು ವಿಷಯ: ಆ ನೂರು ಅಂಕಿಯ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ಶೇಷ 3. ಹಾಗೆಯೇ ಬಿಟ್ಟರೆ ಜರಡಿಯಲ್ಲಿ ಅವಿಭಾಜ್ಯ 2ರಿಂದ ಸಿಗಬೇಕಾದ ಲಾಭ ಸಿಗುವುದಿಲ್ಲ, ಮೊದಲೇ ಒಂದು ಚಿಕ್ಕ ಗುಣಕದಿಂದ ಗುಣಿಸಿಕೊಳ್ಳಬೇಕು. ನಾನು ಯಾವುದನ್ನು ಆರಿಸಿದೆ ಎಂಬುದು ನನ್ನಲ್ಲೇ ಇರಲಿ.

ಇನ್ನು ಮ್ಯಾಟ್ರಿಕ್ಸ್. ನನ್ನ ಪಟ್ಟಿಯಲ್ಲಿ ಸುಮಾರು ಒಂದು ಲಕ್ಷ ಅವಿಭಾಜ್ಯಗಳಿದ್ದವು. ಒಂದೊಂದು ಸಂಬಂಧಕ್ಕೂ ಒಂದು ಸಾಲು, ಒಂದೊಂದು ಅವಿಭಾಜ್ಯಕ್ಕೂ ಒಂದು ಕಂಬ; ಲಕ್ಷಕ್ಕೆ ಲಕ್ಷ ಎಂದರೆ ಸಾವಿರ ಕೋಟಿ ಬಿಟ್. ಕೇಳಿದವರು ಅಲ್ಲಿಗೇ ಕೈಚೆಲ್ಲುತ್ತಾರೆ, ಎಂಟರಿಂದ ಭಾಗಿಸುವುದಿಲ್ಲ. 125 ಕೋಟಿ ಬೈಟ್, ಅಷ್ಟೇ! ಒಂದೇ ಬಾರಿ, ಎರಡೇ ಬಾರಿ ಬರುವ ಅವಿಭಾಜ್ಯಗಳನ್ನು ಮೊದಲೇ ಕರಗಿಸಿದರೆ ಅರುವತ್ತು ಸಾವಿರದಷ್ಟು ಸಾಲುಗಳು ಉಳಿಯುತ್ತವೆ, ಆಗ ಬೇಕಾಗುವುದು 45 ಕೋಟಿ ಬೈಟ್. ಯಾವ ಸಾಲು ಯಾವುದರೊಡನೆ ಕೂಡಿತು ಎಂಬ ದಾಖಲೆಗೆ ಮತ್ತೆ ಅಷ್ಟೇ. ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಆರಾಮ. ಸಾಲುಗಳನ್ನು ಕೂಡಿಸಲು ಒಮ್ಮೆಗೆ 64 ಬಿಟ್ ಎಕ್ಸ್‌ಆರ್ ಮಾಡುತ್ತಾ ಹೋದರೆ ಊಟ ಮುಗಿಸಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕರಗಿಸುವ ಸರದಿಯಲ್ಲಿ ಒಂದು ಚಮತ್ಕಾರವಿದೆ, ಅದನ್ನು ಕೇಳಬೇಡಿ.

ಮೊದಲು ಬಂದ ಅವಲಂಬನೆಗಳು (ಗುಣಿಸಿದರೆ ಪೂರ್ಣ ವರ್ಗವಾಗುವ ಸಂಬಂಧಗಳ ಗುಂಪುಗಳು) 1 ಅಥವಾ ಆ ಸಂಖ್ಯೆಯನ್ನೇ ಉಗುಳಿದವು, ಅದು ಇದ್ದದ್ದೇ. ಆಮೇಲಿನದು 199ರಲ್ಲಿ ಮುಗಿಯುವ 50 ಅಂಕಿಗಳನ್ನು ತೆರೆಯ ಮೇಲೆ ತಂದಿತು. ಮುಂದಿನ ಗುರಿ 110 ಅಂಕಿಯ ಆರ್‌ಎಸ್‌ಎ-110. ಪಟ್ಟಿ ಇಮ್ಮಡಿಯಾದರೆ ಮೆಮೊರಿ ನಾಲ್ಕು ಪಟ್ಟು, ರ‍್ಯಾಮ್‌ಗೆ ಇನ್ನೆರಡು ಸಾವಿರ ಹಾಕಬೇಕಾದೀತು. ಅದಕ್ಕೂ ಗಾಸ್ ವಿಧಾನವನ್ನೇ ಬಳಸುತ್ತೇನೆ. ಪಂತ ಕಟ್ಟುವವರು ಈಗಲೇ ಕಟ್ಟಬಹುದು.