ಅವಳ ಹೆಸರಿನಲ್ಲಿ 300 ಕಿಲೋಮೀಟರ್: ನನ್ನ ಅನುಭವ

ಮೂರು ದಿನ, ದಿನಕ್ಕೆ ಹೆಚ್ಚುಕಮ್ಮಿ 100 ಕಿಲೋಮೀಟರ್. ತೀರಿಕೊಂಡ ಹೆಂಡತಿಯ ಹೆಸರಿನಲ್ಲಿ, ಈ ವಯಸ್ಸಿನಲ್ಲಿ ಒಬ್ಬರೇ ಸೈಕಲ್ ತುಳಿದು ಒಂದು ಸಂಸ್ಥೆಗೆ ಹಣ ಕೂಡಿಸುವುದು ಆಗುವ ಮಾತಲ್ಲ ಅಂದವರೇ ಹೆಚ್ಚು. ಮೊದಲ ಸಲ ಅವರ ಮಾತೇ ನಿಜವಾಯಿತು. ಎರಡನೇ ಸಲ ಸವಾರಿಯೂ ಮುಗಿಯಿತು, ಅಂದುಕೊಂಡದ್ದಕ್ಕಿಂತ ಕಾಲು ಪಾಲು ಹೆಚ್ಚೇ ಹಣ ಸೇರಿತು.

ಮೊದಲ ತಪ್ಪು ದಿನಾಂಕದ್ದು. ಹೆಂಡತಿ ತೀರಿಕೊಂಡ ತಾರೀಕು ಬರುವ ದಿನವೇ ಹೊರಡಬೇಕು ಅಂದುಕೊಂಡಿದ್ದೆ. ಆ ವಾರ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ. ಅಂಥ ಕಾಲು 60 ಕಿಲೋಮೀಟರ್‌ಗೇ ಸೋಲುತ್ತದೆ. ಎರಡನೇ ಸಲ ಆ ತಾರೀಕಿನಿಂದ ಮೂರು ವಾರ ಮುಂದೆ ಹಾಕಿದೆ. ದಾರಿಯಲ್ಲಿ ಕಣ್ಣು ತುಂಬಿದರೆ ಇಳಿದುಬಿಡಿ. ಇಳಿಜಾರಿನಲ್ಲಿ ಮಂಜಾದ ಕಣ್ಣಿಗೆ ಗುಂಡಿ ಕಾಣದು.

ಹೆಚ್ಚು ಪೆಟ್ಟು ಕೊಟ್ಟದ್ದು ಹಣದ ವಿಷಯ. 'ಕಿಲೋಮೀಟರಿಗೆ ಇಷ್ಟು' ಎಂದು ಮೊದಲ ಸಲ ಜನರಿಂದ ಮಾತು ಪಡೆದೆ. ಸವಾರಿಯಿಂದ ಬಂದ ಮೇಲೆ ವಸೂಲಿಗೆ ನಿಂತರೆ ಕೈಗೆ ಬಂದದ್ದು ಹೇಳಿದ್ದರ ಅರ್ಧಕ್ಕಿಂತ ಚೂರು ಮೇಲೆ. ಟೈರು, ವಸತಿಯ ಖರ್ಚನ್ನೂ ಅದರಲ್ಲೇ ಕಳೆದಿದ್ದೆ. ಜನ ಲೆಕ್ಕ ಕೇಳಿದರು, ಕೇಳಿದ್ದು ನ್ಯಾಯವೇ. ಈ ಸಲ ಹಣ ಹೊರಡುವ ಮುಂಚೆಯೇ, ನೇರ ಸಂಸ್ಥೆಯ ಖಾತೆಗೆ, ರಸೀದಿಯೂ ಅಲ್ಲಿಂದಲೇ. ನನ್ನ ಖರ್ಚು ಪೂರ್ತಿ ನನ್ನದು. ಹಣ ಕೇಳಿದ ಪತ್ರದಲ್ಲಿ ಅವಳ ಕಾಯಿಲೆಯ ವಿವರ ಹಾಕಲಿಲ್ಲ. ಅವಳು ನಗುತ್ತಿರುವ ಒಂದು ಫೋಟೊ, ಹಣ ಯಾವ ಕೆಲಸಕ್ಕೆ ಅನ್ನುವ ಎರಡು ಸಾಲು, ಅಷ್ಟೇ. ಪತ್ರ ಶುರುಮಾಡಿದ ಮೊದಲ ಸಾಲು ಮಾತ್ರ ನನ್ನಲ್ಲೇ ಇರಲಿ, ಮುಂದಿನ ಸವಾರಿಗೂ ಬೇಕು.

ಹೊಸ ಸೈಕಲ್ ಕೊಳ್ಳಲಿಲ್ಲ. ಏರು ಹಗುರಾಗಲೆಂದು ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್, ಬದಲಿಸಿದೆ: 11-28 (ಚಿಕ್ಕದಕ್ಕೆ 11 ಹಲ್ಲು, ದೊಡ್ಡದಕ್ಕೆ 28) ತೆಗೆದು 11-34 ಹಾಕಿದೆ. ಹಳೇ ಚೈನನ್ನೇ ಉಳಿಸಿಕೊಂಡದ್ದು ತಪ್ಪು: ದೊಡ್ಡ ಹಲ್ಲುಚಕ್ರಕ್ಕೆ ಉದ್ದ ಸಾಲದೆ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಬಿಗಿದು ನಿಂತಿತು. ಕ್ಯಾಸೆಟ್ ಬದಲಿಸಿದರೆ ಚೈನೂ ಬದಲಿಸಿ, ಡಿರೇಲರ್ ಅಷ್ಟು ಹಲ್ಲು ತಾಳುತ್ತದೆಯೇ ಮೊದಲೇ ನೋಡಿ.

ಸೀಟಿಗೆ ಜೆಲ್ ಕವರ್ ಹಾಕಿ ಕೆಟ್ಟೆ. ಎರಡು ಗಂಟೆಯಾದ ಮೇಲೆ ಜೆಲ್ ಅಮುಕಿ ನಡುಭಾಗ ಉಬ್ಬುತ್ತದೆ, ಮರಗಟ್ಟುವುದು ಅಲ್ಲಿಂದಲೇ. ಗಟ್ಟಿ ಸ್ಟೂಲಿನ ಮೇಲೆ ಪದರದ ರಟ್ಟು ಇಟ್ಟು, ಮುಂದಕ್ಕೆ ಬಾಗಿ ಕೂತು, ಎದ್ದು ನೋಡಿದರೆ ಕೂರುವ ಮೂಳೆಗಳ ಎರಡು ತಗ್ಗು ಮೂಡಿರುತ್ತವೆ. ಅವುಗಳ ನಡುವಿಂದ ನಡುವಿಗೆ ಅಳೆದು 20ರಿಂದ 25 ಮಿಲಿಮೀಟರ್ ಸೇರಿಸಿದೆ. ಆ ಅಗಲದ ಗಟ್ಟಿ ಸೀಟಿನಲ್ಲೇ 300 ಮುಗಿಸಿದ್ದು.

ನಡುವೆ ಟೈರಿನ ಪ್ರಯೋಗವೂ ನಡೆಯಿತು. 28 ಮಿಲಿಮೀಟರ್ ಅಗಲದ ಟೈರಿಗೆ 90 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬುತ್ತಿದ್ದವನು ನಿಧಾನಕ್ಕೆ 70ರ ಆಸುಪಾಸಿಗೆ ಇಳಿಸಿದೆ. ವೇಗ ಕುಂದಲಿಲ್ಲ, ಕಿರುಬೆರಳಿನ ಜೋಮು ಹೋಯಿತು. 55ಕ್ಕೆ ಇಳಿಸಿದಾಗ ಗುಂಡಿಗೆ ಬಡಿದು ಟ್ಯೂಬಿನಲ್ಲಿ ಜೋಡಿ ತೂತು!

ಅಭ್ಯಾಸ 14 ವಾರ. ಒಂದೇ ದಿನ 100 ಮುಟ್ಟಿದರೆ ಮೂರು ದಿನ ಆಗುತ್ತದೆ ಅನ್ನುವುದು ಸುಳ್ಳು. ಶನಿವಾರ 70, ಮರುದಿನ ಅದೇ ದಣಿದ ಕಾಲಲ್ಲಿ 60 ತುಳಿದದ್ದೇ ನಿಜವಾದ ತಯಾರಿ. ಹಸಿವಿಗೆ ಕಾಯದೆ ಪ್ರತಿ 20 ನಿಮಿಷಕ್ಕೆ ಒಂದು ತುತ್ತು, ಮಾತಾಡಲು ಉಸಿರು ಉಳಿಯುವಷ್ಟೇ ವೇಗ.

ಅವಳ ಹೆಸರನ್ನು ಬಿಳಿ ಟೇಪಿನ ಮೇಲೆ ಬರೆದು ಹ್ಯಾಂಡಲ್ ನಡುವೆ ಅಂಟಿಸಿದ್ದೆ. ಮೊದಲ ಸಲ ಬೆವರು ಬಿದ್ದು ಶಾಯಿ ಹರಡಿತ್ತು. ಈ ಸಲ ಮೇಲೊಂದು ಪಾರದರ್ಶಕ ಟೇಪ್ ಸುತ್ತಿದೆ. ಕೊನೆಯ ಏರಿನಲ್ಲೂ ಅಕ್ಷರ ಸ್ಪಷ್ಟವಾಗಿ ಓದಿಸುತ್ತಿತ್ತು.